ಹದಿಮೂರು ಜನರ ಉಸಿರು

"ನಿನ್ನ ಬಾಯಾಗ ಮಣ್ಣು ಬೀಳ! ನನ್ನ ಗಂಡನ ಉಸಿರು ನೀನ್ಯಾಕ ಊದಿದ್ಯೋ? ಅವಂಗೇನು ಬಾಯಿರಲಿಲ್ಲೇನು?"

ರೊಟ್ಟಿಹಿಟ್ಟು ಮೆತ್ತಿದ ಕೈಯನ್ನು ತಮ್ಮನ ಮುಖದ ಮುಂದೆ ಹಿಡಿದು ಭರಮಮ್ಮ ಕೂಗುತ್ತಿದ್ದಳು. ಪಂಪಣ್ಣ ಹೊಸ್ತಿಲ ಮೇಲೆ ಕುಂತಿದ್ದ. ಒಳಗೂ ಬಂದಿರಲಿಲ್ಲ, ಎದ್ದೂ ಹೋಗಿರಲಿಲ್ಲ.

"ಮಾವಾನ ಹೇಳಿದ್ನಕ್ಕಾ. ನಂದೂ ಒಂದು ಊದಿ ಬಾರೋ ಅಂದ."

"ಅಂವ ಬಾವಿಗೆ ಬೀಳು ಅಂದ್ರ ಬೀಳ್ತಿದ್ಯಾ?"

"ಬೀಳ್ತಿದ್ದೆ."

"ನೋಡು, ಮತ್ತ ಎದುರು ಮಾತು! ನಾಚಿಕಿಗೇಡಿ!"

ಗೋಡೆಗೆ ಒರಗಿ, ಎರಡು ದಿಂಬು ಬೆನ್ನಿಗೆ ಕೊಟ್ಟುಕೊಂಡು ಕುಂತಿದ್ದ ಜಡೆಪ್ಪ ಕೈ ಎತ್ತಿದ. ಅವನಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಚೀಲ ಹೇರಿದಂತೆ ಆಗುತ್ತಿತ್ತು. ಕೆಲಸ ಬಿಟ್ಟ ನಾಲ್ಕು ತಿಂಗಳಿಂದ ಕುಂತೇ ನಿದ್ದೆ ಮಾಡುತ್ತಿದ್ದ. ಒಂದು ಉಸಿರಿಗೆ ಎರಡು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ.

"ಬಾವಿ ಬ್ಯಾಡ..." ಅಂದ. ಉಸಿರು ತಗೊಂಡ. "ನೀರಿಲ್ಲ."

ಅದು ಅವನ ಚೇಷ್ಟೆ. ಯಾರೂ ನಗಲಿಲ್ಲ. ಭರಮಮ್ಮ ಮಾತ್ರ ಗಂಡನ ಕಡೆ ತಿರುಗಿ, "ನಿಂದೂ ಐತಿ ನಿಂಗ, ಸುಮ್ಮನಿರು" ಅಂದು ಮತ್ತೆ ತಮ್ಮನ ಮೇಲೆ ಬಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಹೊಸಪೇಟೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆ ತುಂಬ ಧೂಳು ಕುಂತಿದೆ, ಇದು ಕೆಲಸದ ಜಾಗದಿಂದ ಬಂದ ರೋಗ, ನಿಯಮದ ಪ್ರಕಾರ ಕಂಪನಿಯವರೇ ಚಿಕಿತ್ಸೆ ಕೊಡಿಸಬೇಕು, ಅರ್ಜಿ ಕೊಡು ಅಂದಿದ್ದರು. ಅವಳು ಅರ್ಜಿ ಕೊಟ್ಟಳು. ಗುರುವಾರ ಸರ್ಕಾರದ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ ಎಂದು ಕಾಗದ ಬಂತು. ನಿನ್ನೆ ಅದಿರು ಒಡೆಯುವ ಕ್ರಷರ್‌ನ ಸೇಫ್ಟಿ ಆಫೀಸರ್ ವೀರೇಶ್ ಮೋಟರ್‌ಸೈಕಲ್ಲಿನ ಮೇಲೆ ಮರಿಯಮ್ಮನಹಳ್ಳಿಗೇ ಬಂದು, ಇದೇ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದ: "ಯವ್ವಾ, ಮೂರು ವರ್ಷದ ರಿಪೋರ್ಟು ನಮ್ಮ ಹತ್ರ ಅದಾವು. ನಿನ್ನ ಗಂಡನ ಎದಿ ಎತ್ತಿನ ಎದಿ ಇದ್ದಂಗ ಐತಿ. ಸುಮ್ಮನ ಯಾಕ ಓಡಾಡ್ತಿ?"

ಎತ್ತಿನ ಎದೆ ಹೇಗೆ ಬಂತು ಎಂದು ಗಂಡನನ್ನು ಹಿಡಿದು ಕೇಳಿದಾಗ ಜಡೆಪ್ಪ ನಿಜ ಹೇಳಿದ. ಎದೆ ಪರೀಕ್ಷೆಗೆ ವರ್ಷಕ್ಕೊಮ್ಮೆ ಬರುವ ವ್ಯಾನಿನ ಮಿಷನ್ನಿಗೆ ಹಿಂದಿನ ಮೂರು ವರ್ಷ ಅವನು ಒಂದು ಸಲವೂ ಊದಿರಲಿಲ್ಲ. ಮೂರೂ ಸಲ ಊದಿದವನು ಪಂಪಣ್ಣ.

"ಗುರುವಾರ ಬಂದು ಹೇಳು" ಅಂದಳು ಭರಮಮ್ಮ. "ನಾನು ಊದೀನಿ, ಇಂವ ಅಲ್ಲ ಅಂತ ಸಾಹೇಬರ ಮುಂದ ಹೇಳು."

"ಹೇಳಿದ್ರ ಉಳಿದ ಹನ್ನೆರಡು ಮಂದಿ ಮನಿಗೆ ಹೋಗ್ತಾರಕ್ಕಾ. ನಾನೂ ಹೋಗ್ತೀನಿ."

"ಹೋಗ್ರಿ! ನೀವು ಮನಿಗೆ ಹೋಗ್ತೀರಿ. ಇಂವ ಎಲ್ಲಿಗೆ ಹೋಗ್ತಾನ ಹೇಳು?"

ಪಂಪಣ್ಣ ಮಾವನನ್ನು ನೋಡಿದ. ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಅವನು ಕಂಪ್ಲಿಯ ಹೊಳೆದಂಡೆಯಲ್ಲಿ ಹುಟ್ಟಿದವನು. ಅಪ್ಪ ಹರಿಗೋಲು ಹಾಕುತ್ತಿದ್ದ. ಹೊಳೆಗೆ ಬಿದ್ದವರನ್ನು ತೆಗೆಯಬೇಕಾದರೆ ಪೊಲೀಸರು ಇವರ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೀಸೆ ಬಲಿಯುವುದರೊಳಗೆ ಪಂಪಣ್ಣ ಏಳು ಹೆಣ ಎತ್ತಿದ್ದ. ಎತ್ತುವಾಗ ಏನೂ ಅನ್ನಿಸಬಾರದು, ಅನ್ನಿಸಿದರೆ ಉಸಿರು ಒಡೆಯುತ್ತದೆ ಎಂದು ಅಪ್ಪ ಕಲಿಸಿದ್ದ. ಆ ಪಾಠ ಅವನಿಗೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ನೀರಿನಿಂದ ಮೇಲೆ ಬಂದ ಮೇಲೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅವನನ್ನು ಕ್ರಷರ್ ಕೆಲಸಕ್ಕೆ ಕರೆತಂದವನು ಜಡೆಪ್ಪನೇ. ಮಾಲೀಕರು ವಿರೂಪಾಕ್ಷಪ್ಪ. ಮೊದಲು ಕಂಪ್ಲಿಯಲ್ಲಿ ಭತ್ತದ ಮಿಲ್ಲು ನಡೆಸುತ್ತಿದ್ದರು. ಕೆಂಪುಮಣ್ಣಿಗೆ ಬಂಗಾರದ ಬೆಲೆ ಬಂದಾಗ ಮಿಲ್ಲಿಗೆ ಬೀಗ ಹಾಕಿ, ಸಂಡೂರು ದಾರಿಯಲ್ಲಿ ಜೋಳದ ಹೊಲ ಹಿಡಿದು ಅದಿರು ಒಡೆಯುವ ಮಿಷನ್ನು ನಿಲ್ಲಿಸಿದರು. ಅಕ್ಕಿ ಮಾಡುವುದೂ ಅದಿರು ಒಡೆಯುವುದೂ ಅವರ ಲೆಕ್ಕದಲ್ಲಿ ಒಂದೇ ಕೆಲಸ: ಮೇಲೆ ಸುರಿ, ಕೆಳಗೆ ಜರಡಿ ಹಿಡಿ. ಆದರೆ ತೌಡು ಹಾರಿದರೆ ದನ ತಿನ್ನುತ್ತದೆ. ಅದಿರಿನ ಪುಡಿ ಹಾರಿದರೆ ಮನುಷ್ಯನೇ ತಿನ್ನಬೇಕು.

ನಿಯಮಗಳು ಇರಲಿಲ್ಲವೆಂದಲ್ಲ. ಗೇಟಿನ ಒಳಗೆ ಬಾಗಿಲಿನಷ್ಟು ದೊಡ್ಡ ಬೋರ್ಡು ಇತ್ತು. ಅದಿರು ಕೊಳ್ಳುವ ಹೊರದೇಶದವರು ಕೇಳುತ್ತಾರೆಂದು ಪೇಂಟರ್ ಕರೆಸಿ ಬರೆಸಿದ್ದು. ಜರಡಿಯ ಮೇಲೆ ನೀರು ಚಿಮುಕಿಸಬೇಕು. ಮೂಗಿಗೆ ಮಾಸ್ಕ್ ಕಟ್ಟಬೇಕು. ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸಬೇಕು. ಎದೆ ಕೆಟ್ಟವನನ್ನು ಧೂಳಿನಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಬೇಕು. ಒಳ್ಳೆಯ ಮಾತುಗಳೇ. ನೀರಿನ ಪೈಪು ಹಾಕಿದ್ದರು, ಆದರೆ ಪುಡಿ ಒದ್ದೆಯಾದರೆ ಜರಡಿಯ ಕಣ್ಣಿಗೆ ಮೆತ್ತಿಕೊಂಡು ಮಾಲು ಇಳಿಯುವುದಿಲ್ಲವೆಂದು ಮೂರನೆಯ ದಿನವೇ ಬಂದ್ ಮಾಡಿದರು. ಮಾಸ್ಕುಗಳು ಆಫೀಸಿನ ಕಪಾಟಿನಲ್ಲಿದ್ದವು. ಯಾರಾದರೂ ನೋಡಲು ಬರುವ ದಿನ ಬೆಳಿಗ್ಗೆ ಹಂಚುತ್ತಿದ್ದರು, ಸಂಜೆ ಎಣಿಸಿ ತಗೊಳ್ಳುತ್ತಿದ್ದರು.

ಪರೀಕ್ಷೆ ಮಾತ್ರ ತಪ್ಪುತ್ತಿರಲಿಲ್ಲ. ಎರಡು ಸಾವಿರದ ಐದರಲ್ಲಿ ಮೊದಲ ಸಲ ಬಿಳಿ ವ್ಯಾನು ಬಂತು. ಒಳಗೊಂದು ಸಣ್ಣ ಮಿಷನ್ನು, ಅದಕ್ಕೊಂದು ಕೊಳವೆ. ಎದೆ ತುಂಬ ಉಸಿರು ತಗೊಂಡು ಜೋರಾಗಿ ಊದಬೇಕು. ಮೂರು ಲೀಟರಿನ ಮೇಲೆ ಬಂದರೆ ಫಿಟ್, ಕೆಳಗೆ ಬಂದರೆ ಅನ್‌ಫಿಟ್. ಇಬ್ಬರಿಗೆ ಮೂರು ಬರಲಿಲ್ಲ. ಬೋರ್ಡಿನಲ್ಲಿ ಬೇರೆ ಕೆಲಸ ಎಂದು ಬರೆದಿತ್ತು. ಬೇರೆ ಕೆಲಸ ಇರಲಿಲ್ಲ. ವಾರದೊಳಗೆ ಆ ಇಬ್ಬರೂ ಗೇಟಿನ ಹೊರಗಿದ್ದರು.

ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ಇದು ಸಾಲಿ ಪರೀಕ್ಷೆಯಂಥದ್ದು, ನಪಾಸಾದವನು ಮನೆಗೆ. ಇದು ಮಾಲೀಕನಿಗೆ ಬೀಳಬೇಕಾದ ಛಡಿ ಎಂದು ಯಾರೂ ಹೇಳಿಕೊಡಲಿಲ್ಲ. ಬೋರ್ಡು ಓದಬಲ್ಲವರೂ ಅದನ್ನು ಹಾಗೆ ಓದಲಿಲ್ಲ.

ಮುಂದಿನ ವರ್ಷ ವ್ಯಾನು ಬರುವ ಹಿಂದಿನ ದಿನ ಗುಡ್ಡಪ್ಪ ಎಂಬುವನು ಪಂಪಣ್ಣನ ಹತ್ತಿರ ಬಂದ. ಮಿಷನ್ನಿಗೆ ಅದಿರು ಸುರಿಯುವ ಬಾಯಿಯಲ್ಲಿ ಕೆಲಸ ಮಾಡುವವನು. ಎರಡು ತಿಂಗಳಿಂದ ಕೆಮ್ಮುತ್ತಿದ್ದ. "ಲೇ ಪಂಪಣ್ಣ, ನೀ ಹೊಳಿಯಾಗ ಮುಳುಗಿದ್ರ ಒಂದು ಬೀಡಿ ಸೇದಿ ಮುಗಿಸೋತನಕ ಮ್ಯಾಲ ಬರಲ್ಲಂತ. ಖರೇನೇನು?"

"ಹೂಂ."

"ಹಂಗಾರ ನಂದೊಂದು ಊದಿ ಬಾರಲೇ."

ಅದರಲ್ಲಿ ಕಷ್ಟವೇನೂ ಇರಲಿಲ್ಲ. ಜರಡಿಯ ಕೆಳಗೆ ಎರಡು ತಾಸು ನಿಂತವನ ಮುಖ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಹಣೆ, ರೆಪ್ಪೆ, ಮೀಸೆ, ತುಟಿ ಎಲ್ಲಾ ಒಂದೇ ಕೆಂಪು. ವ್ಯಾನಿನವರು ಹೆಲ್ಮೆಟ್ಟಿನ ನಂಬರು ನೋಡಿ ಬರೆದುಕೊಳ್ಳುತ್ತಿದ್ದರು. ಗುಡ್ಡಪ್ಪನ ಹೆಲ್ಮೆಟ್ ಹಾಕಿಕೊಂಡು ಹೋಗಿ ಊದಿದರೆ ಗುಡ್ಡಪ್ಪ ಊದಿದಂತೆಯೇ. ಗುಡ್ಡಪ್ಪನ ಹಿಂದೆ ಅಂಜಿನಯ್ಯ ಬಂದ. ಅವನ ಹಿಂದೆ ಇನ್ನೊಬ್ಬ. ಕಡೆಗೆ ಜಡೆಪ್ಪನೂ, "ನಂದೂ ಒಂದು" ಅಂದ. ಎದೆ ನೆಟ್ಟಗಿಲ್ಲದವರು ಒಟ್ಟು ಹದಿಮೂರು ಜನ. ಪಂಪಣ್ಣ ತನ್ನದೂ ಸೇರಿಸಿ ಹದಿನಾಲ್ಕು ಸಲ ಊದಿ ಬಂದ. ಅವತ್ತು ಗೇಟಿನ ಮುಂದಿನ ಅಂಗಡಿಯಲ್ಲಿ ಅವನಿಗೆ ಒಗ್ಗರಣಿ ಮಿರ್ಚಿ ತಿನ್ನಿಸಿದರು. "ಭೀಮಸೇನ ಲೇ ನೀನು" ಅಂದರು. ಒಬ್ಬ ಮನುಷ್ಯ ಹದಿಮೂರು ಮನೆಯ ಒಲೆ ಊದಿ ಹೊತ್ತಿಸಿದ ಅಂದರು. ಪಂಪಣ್ಣನಿಗೆ ಹೊಟ್ಟೆ ತುಂಬಿತ್ತು. ಅಷ್ಟೇ.

ವೀರೇಶನಿಗೆ ಗೊತ್ತಿರಲಿಲ್ಲವೆಂದರೆ ಅದು ಸುಳ್ಳು. ಎರಡನೆಯ ವರ್ಷ ಅವನೇ ವ್ಯಾನಿನ ಪಕ್ಕ ಕರೆದು ಕಿವಿಯಲ್ಲಿ ಹೇಳಿದ್ದ: "ಪಂಪಣ್ಣ, ಒಬ್ಬೊಬ್ಬರದು ಒಂದೀಟು ಮೆತ್ತಗ ಊದು. ಎಲ್ಲಾರದೂ ಒಂದ ನಂಬರ್ ಬಂದ್ರ ಚೊಲೋ ಕಾಣಲ್ಲ." ಎಲ್ಲರೂ ಫಿಟ್ ಎಂಬ ಕಾಗದಕ್ಕೆ ಅವನು ಆಫೀಸಿನಲ್ಲಿ ಕಟ್ಟು ಹಾಕಿಸಿ, ಗಣಪತಿ ಪಟದ ಪಕ್ಕ ತೂಗು ಹಾಕಿದ್ದ.

ಹೋದ ವರ್ಷ, ಎರಡು ಸಾವಿರದ ಎಂಟರಲ್ಲಿ, ಹನ್ನೊಂದನೆಯ ಸಲ ಊದಿದಾಗ ಪಂಪಣ್ಣನ ಕಣ್ಣು ಕತ್ತಲೆ ಕಟ್ಟಿತು. ಬೆಳಿಗ್ಗೆ ಏನೂ ತಿಂದಿಲ್ಲ, ಅದಕ್ಕೇ ಅಂದುಕೊಂಡ. ಕಂಪ್ಲಿಗೆ ಹೋಗದೆ ಮೂರು ವರ್ಷವಾಗಿತ್ತು. ನೀರಿಗೆ ಇಳಿಯದೆಯೂ ಅಷ್ಟೇ ಆಗಿತ್ತು.

ಅಕ್ಕನ ಜಗಳದ ಮರುದಿನ ಬೆಳಿಗ್ಗೆ ಗುಡ್ಡಪ್ಪ ಮತ್ತು ಅಂಜಿನಯ್ಯ ಅವನನ್ನು ಚಾದಂಗಡಿಯಲ್ಲಿ ನಡುವೆ ಕೂಡಿಸಿಕೊಂಡರು. ರಸ್ತೆಯ ತುಂಬ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಚಾದ ಲೋಟದ ಮೇಲೆ ಅಂಗಡಿಯವನು ಮುಚ್ಚಳ ಇಟ್ಟೇ ಕೊಡುತ್ತಿದ್ದ.

"ನಿನ್ನ ಅಕ್ಕ ಭಾಳ ಕುಣ್ಯಾಕತ್ತಾಳಂತ" ಅಂದ ಗುಡ್ಡಪ್ಪ.

"ಗಂಡನ ಉಸಿರು ನಿಲ್ಲಾಕತ್ತೈತಿ. ಕುಣೀದ ಏನು ಮಾಡ್ತಾಳ?"

"ಅಲ್ಲಪಾ, ನಾವೇನು ಜಡೆಪ್ಪಗ ವೈರಿಗಳೇನು? ಅವನ ಪಾಲಿಂದು ಅಂವ ಉಣ್ಣಾಕತ್ತಾನ. ನೀ ಬಾಯಿ ಬಿಟ್ರ ಹನ್ನೆರಡು ಮನಿ ಒಲಿ ಆರ್ತಾವು. ಒಬ್ಬಂಗ ಹನ್ನೆರಡು ಮಂದೀನ ತೂಗಿ ನೋಡು, ನೀನ ಹೇಳು."

ಅಂಜಿನಯ್ಯ ಸ್ವಲ್ಪ ಬಾಯಿ ಜೋರಿನವನು. "ತೂಗೋದೇನ ಬಂತು? ನನ್ನ ಮಗಳ ಲಗ್ನ ನಿಶ್ಚಯ ಆಗೈತಿ. ನಿನ್ನ ಬಾಯಿಂದ ಆ ಲಗ್ನ ಮುರೀತಂದ್ರ, ಲೇ ಪಂಪಣ್ಣ, ನಿನ್ನ ನಾನು ಅದ ಜರಡಿಗೆ ಹಾಕ್ತೀನಿ."

"ಹಾಕು" ಅಂದ ಪಂಪಣ್ಣ. ಚಾ ಕುಡಿದು ಲೋಟ ಇಟ್ಟ. ತಳದಲ್ಲಿ ಕೆಂಪು ಗಸಿ ಉಳಿದಿತ್ತು. ಸಕ್ಕರೆ ಅಲ್ಲ.

ಮನೆಯಲ್ಲಿ ಹೆಂಡತಿ ತುಳಸಿ ಬೇರೆ ರಾಗ ತೆಗೆದಳು. ಅವರು ಇದ್ದದ್ದು ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ, ಒಂದೇ ಖೋಲಿ. ತುಳಸಿ ಕೂಗುವವಳಲ್ಲ. ಕೂಗದೆಯೇ ಕೊಯ್ಯುವವಳು. ಒಗೆದ ಬಟ್ಟೆ ಮಡಚುತ್ತ ಕೇಳಿದಳು.

"ಹೇಳ್ತೀರೇನು?"

"ಗೊತ್ತಿಲ್ಲ."

"ನಿಮಗ ಯಾವಾಗ ಗೊತ್ತಾಗೈತಿ? ಮಂದಿ ಊದು ಅಂದ್ರ ಊದಿದ್ರಿ. ಈಗ ಅಕ್ಕ ಹೇಳು ಅಂದ್ರ ಹೇಳ್ತೀರಿ. ಗುಡ್ಡಪ್ಪ ಹೇಳಬ್ಯಾಡ ಅಂದ್ರ ಹೇಳಂಗಿಲ್ಲ. ನಿಮ್ಮ ಎದಿಯಾಗ ನಿಮ್ಮದು ಅಂತ ಏನರ ಐತೇನು?"

ಅವನು ವಿಚಾರ ಮಾಡಿದ. ಸುಳ್ಳು ಹೇಳಬೇಕೆನಿಸಲಿಲ್ಲ. "ಏನೂ ಕಾಣವಲ್ದು" ಅಂದ.

ತುಳಸಿ ಕೈಯಲ್ಲಿದ್ದ ಅಂಗಿಯನ್ನು ನೋಡಿದಳು. ಎಷ್ಟು ಒಗೆದರೂ ಹೋಗದ ಕೆಂಪು. "ಹಂಗಾರ ಅಕ್ಕನ ಮಾತು ಕೇಳ್ರಿ" ಅಂದಳು. "ಕೆಲಸ ಹೋದ್ರ ಹೋತು. ಕಂಪ್ಲಿಗೆ ಹೋಗೋಣು. ನಾಳೆ ಆ ದಿಂಬಿಗೆ ಒರಗಿ ಕುಂತವ್ರು ನೀವಾದ್ರ ನಾ ಯಾರ ಬಾಯಿ ಬಡೀಲಿ?"

ಗುರುವಾರ ಬಂತು. ಅಧಿಕಾರಿಯಾಗಿ ಬಂದವರು ಶೈಲಜಾ ಎಂಬ ಮೇಡಂ, ನಲವತ್ತರ ಹತ್ತಿರದವರು. ಬಂದವರೇ ಮೂಗಿಗೆ ಸೆರಗು ಹಿಡಿದುಕೊಂಡರು. ಜಡೆಪ್ಪನನ್ನು ಹೊಸದಾಗಿ ಪರೀಕ್ಷಿಸಲೆಂದು ಅವತ್ತೇ ವ್ಯಾನನ್ನೂ ಕರೆಸಿದ್ದರು. ಅದು ಆಫೀಸಿನ ಮುಂದೆಯೇ ನಿಂತಿತ್ತು. ಜಡೆಪ್ಪನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲವೆಂದು ಆಫೀಸಿನ ಪಡಸಾಲೆಯಲ್ಲೇ ಮೇಜು ಹಾಕಿದರು. ಅವನನ್ನು ತಂದ ಆಟೋ ಪಡಸಾಲೆಗೆ ತಾಗಿ ನಿಂತಿತ್ತು. ಅದರೊಳಗೆ ಅವನು ಮುಂದಿನ ಕಂಬಿ ಹಿಡಿದು ಬಗ್ಗಿ ಕುಂತಿದ್ದ. ಭರಮಮ್ಮ ಪಕ್ಕದಲ್ಲಿ ನಿಂತಿದ್ದಳು. ಅವತ್ತು ಮಿಷನ್ನು ನಿಲ್ಲಿಸಿದ್ದರು, ನೀರು ಹೊಡೆದಿದ್ದರು, ಎಲ್ಲರ ಮುಖಕ್ಕೂ ಬಿಳಿ ಮಾಸ್ಕ್ ಇತ್ತು.

ವ್ಯಾನಿನ ಹುಡುಗಿ ಸೌಜನ್ಯ ಈ ವರ್ಷ ಹೊಸಬಳು. ಆಟೋದಲ್ಲಿದ್ದ ಜಡೆಪ್ಪನ ಬಾಯಿಗೇ ಕೊಳವೆ ಹಿಡಿದು ಊದಿಸಿದಳು. ಒಂದು ಪಾಯಿಂಟ್ ಒಂದು ಬಂತು. ಅವಳು ಎರಡು ಸಲ ನೋಡಿ ಬರೆದುಕೊಂಡಳು.

"ಹೋದ ವರ್ಷ ಮೂರು ಪಾಯಿಂಟ್ ನಾಲ್ಕು ಇತ್ತು ನೋಡ್ರಿ ಮೇಡಂ" ಅಂದ ವೀರೇಶ್, ಫೈಲು ಸರಿಸಿ. "ನಮ್ಮಲ್ಲಿ ಇದ್ದಾಗ ಫಿಟ್ ಇದ್ದ. ಬಿಟ್ಟ ಮ್ಯಾಲ ಏನಾತೋ ನಮಗ ಗೊತ್ತಿಲ್ಲ. ಬೀಡಿ ಸೇದ್ತಾನ."

"ಬೀಡಿ ನಿಮ್ಮಪ್ಪನೂ ಸೇದ್ತಿದ್ದ" ಅಂದಳು ಭರಮಮ್ಮ. "ಸಾಯೋತನಕ ಎತ್ತು ಹೊಡೀತಿದ್ದ."

ಮೇಡಂ ಕೈ ಎತ್ತಿ ಸುಮ್ಮನಾಗಿಸಿದರು. "ಸಾಕ್ಷಿ ಇದ್ದಾರೆ ಅಂದಿರಲ್ಲ, ಯಾರು?"

ಭರಮಮ್ಮ ತಮ್ಮನ ಕಡೆ ನೋಡಿದಳು. ಹನ್ನೆರಡು ಜನ ಅವನ ಕಡೆ ನೋಡಿದರು. ಮಾಸ್ಕಿನ ಮೇಲೆ ಬರೀ ಕಣ್ಣುಗಳು. ಪಂಪಣ್ಣ ಮುಂದೆ ಬಂದ. ತೀರ್ಮಾನ ಮಾಡಿ ಬಂದ ಎನ್ನುವಂತಿರಲಿಲ್ಲ. ಕಾಲು ಹೋದವು, ಅವನೂ ಹೋದ.

"ನಾನು ಊದೇನ್ರಿ" ಅಂದ. "ಮೂರು ವರ್ಷ. ನಮ್ಮ ಮಾವಂದು, ಈ ಹನ್ನೆರಡು ಮಂದೀದು, ನಂದು. ಹೆಲ್ಮೆಟ್ ಬದಲಿ ಮಾಡಿಕೊಂಡು ಊದೇನ್ರಿ. ವೀರೇಶ್ ಸಾಹೇಬ್ರಿಗೂ ಗೊತ್ತೈತ್ರಿ."

ಕುರ್ಚಿಯಲ್ಲಿ ಕುಂತಿದ್ದ ವಿರೂಪಾಕ್ಷಪ್ಪ ಹಣೆಯ ವಿಭೂತಿಗೆ ಕೈ ತಾಗದಂತೆ ಬೆವರು ಒರೆಸಿಕೊಂಡು, ಬಹಳ ಸಮಾಧಾನದಿಂದ ಹೇಳಿದರು: "ಮೇಡಂ, ಈತ ಆಕಿ ತಮ್ಮ. ರಕ್ತಸಂಬಂಧ. ಪಾಪ, ಅನ್ನಲಿ ಬಿಡ್ರಿ."

"ಅವರನ್ನೇ ಕೇಳೋಣ" ಅಂದರು ಮೇಡಂ. ಹನ್ನೆರಡು ಜನರನ್ನೂ ಪಟ್ಟಿ ನೋಡಿ ಒಬ್ಬೊಬ್ಬರನ್ನಾಗಿ ಕರೆದರು. ನಿಮ್ಮ ಪರೀಕ್ಷೆ ನೀವೇ ಕೊಟ್ಟಿರೋ, ಇವನು ಕೊಟ್ಟನೋ? ಒಂದೇ ಪ್ರಶ್ನೆ.

ಗುಡ್ಡಪ್ಪ ಮಾಸ್ಕ್ ಇಳಿಸಿ, ಪಂಪಣ್ಣನನ್ನು ನೋಡದೆ ಹೇಳಿದ. "ನಂದು ನಾನಾ ಊದೇನ್ರಿ."

ಅಂಜಿನಯ್ಯ, "ಒಬ್ಬರ ಉಸಿರು ಇನ್ನೊಬ್ರು ಊದಾಕ ಅದೇನು ಜಾತ್ರಿ ಬಲೂನೇನ್ರಿ ಮೇಡಂ?" ಅಂದ. ಮೇಡಂ ಕೂಡ ತುಟಿ ಕಚ್ಚಿ ನಗು ತಡೆದರು.

ಮೂರನೆಯವನು, "ನಾನಾ ರಿ." ನಾಲ್ಕನೆಯವನು, "ನಾನಾ." ಐದನೆಯವನಿಗೆ ಹೇಳುವ ಮೊದಲೇ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಕಣ್ಣೀರು ಒರೆಸಿಕೊಂಡು, "ನಾನಾ ಊದೀನಿ" ಅಂದ. ಅದನ್ನು ಕೇಳಿಯೂ ಯಾರಿಗೂ ಏನೂ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ. ಎಂಟನೆಯವನ ಹೊತ್ತಿಗೆ ಪಂಪಣ್ಣ ಕೇಳುವುದನ್ನು ಬಿಟ್ಟಿದ್ದ. ಪ್ರತಿಯೊಬ್ಬನ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಸಿಟ್ಟು ಬರಬೇಕು, ಎಲ್ಲಿ ಎಂದು ಒಳಗೆ ನೋಡಿಕೊಂಡ. ಅಲ್ಲಿ ನಿಂತ ನೀರಿದ್ದಂತೆ ಇತ್ತು.

"ಹನ್ನೆರಡು ಜನರೂ ಇಲ್ಲ ಅಂತಾರಲ್ಲಪ್ಪ" ಅಂದರು ಮೇಡಂ.

"ಮಿಷನ್ ಇಲ್ಲೇ ಐತಲ್ರಿ" ಅಂದ ಪಂಪಣ್ಣ. "ಹದಿಮೂರು ಸಲ ಊದಿ ತೋರಸ್ತೀನಿ. ಆಗರ ನಂಬ್ತೀರೇನು?"

ಮೇಡಂ ಪೆನ್ನು ಕೈಗೆತ್ತಿಕೊಂಡರು. "ಹದಿಮೂರು ಸಲವೂ ಮೂರರ ಮೇಲೆ ಬಂದರೆ ಬರೆದುಕೊಳ್ಳುತ್ತೇನೆ. ಬೇರೆ ಸಾಕ್ಷಿಯೂ ಬೇಡ."

ಭರಮಮ್ಮ ಕೈ ಮುಗಿದಳು. ಯಾರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಗುಡ್ಡಪ್ಪನ ಮುಖ ಕಪ್ಪಾಯಿತು. ಪಂಪಣ್ಣ ಊದಬಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪಂಪಣ್ಣ ವ್ಯಾನಿನ ಮೆಟ್ಟಿಲ ಮೇಲೆ ನಿಂತ. ಹೊಳೆಗೆ ಇಳಿಯುವವನ ಹಾಗೆ ಹೆಗಲು ಸಡಿಲ ಬಿಟ್ಟು, ಉಸಿರು ಎಳೆದುಕೊಂಡ. ಎಳೆದ ಉಸಿರು ಎದೆಯ ಅರ್ಧಕ್ಕೆ ಬಂದು ನಿಂತಿತು. ಮುಂದಕ್ಕೆ ಜಾಗವಿರಲಿಲ್ಲ. ಊದಿದ.

"ಎರಡು ಪಾಯಿಂಟ್ ಐದು" ಅಂದಳು ಸೌಜನ್ಯ. "ಅಣ್ಣಾ, ಸೋರ್ತೈತೇನೋ, ತುಟಿ ಬಿಗಿ ಹಿಡಿದು ಊದ್ರಿ."

ಬಿಗಿ ಹಿಡಿದು ಊದಿದ. ಎರಡು ಪಾಯಿಂಟ್ ನಾಲ್ಕು.

"ಇನ್ನೊಮ್ಮೆ. ಜೋರಾಗಿ, ಜೋರಾಗಿ, ಜೋರಾಗಿ..."

ಎರಡು ಪಾಯಿಂಟ್ ಒಂದು. ಕೆಮ್ಮು ಬಂತು. ಸಣ್ಣದಲ್ಲ, ಹೊಟ್ಟೆಯನ್ನೇ ಹಿಡಿದು ಜಗ್ಗುವಂಥದ್ದು. ಆ ಕೆಮ್ಮು ಅವನಿಗೆ ಪರಿಚಯದ್ದೇ. ಮಾವನ ಮನೆಯಲ್ಲಿ ದಿನಾ ಕೇಳುತ್ತಿದ್ದ.

ವೀರೇಶನ ಮುಖದ ಮೇಲೆ ನಗುವೂ ಬರಲಿಲ್ಲ. ಅವನೂ ಇದನ್ನು ಎಣಿಸಿರಲಿಲ್ಲ. ಸೌಜನ್ಯ ಮಾತ್ರ ಕೊಳವೆ ಕೆಳಗಿಟ್ಟು, ಹಳೆಯ ಫೈಲು ತೆಗೆದು, ಬೆರಳಿಟ್ಟು ನೋಡುತ್ತ ಹೋದಳು. ಆಮೇಲೆ ಇಳಿದು ಬಂದು ಮೇಡಂ ಮುಂದೆ ಫೈಲು ಬಿಚ್ಚಿದಳು.

"ಮೇಡಂ, ಈ ಹದಿನಾಲ್ಕು ಜನರದು ನೋಡ್ರಿ. ಎರಡು ಸಾವಿರದ ಆರರಾಗ ಎಲ್ಲಾರದೂ ನಾಲ್ಕೂ ಮುಕ್ಕಾಲರ ಆಸುಪಾಸು. ಮುಂದಿನ ವರ್ಷ ಎಲ್ಲಾರದೂ ನಾಲ್ಕು. ಹೋದ ವರ್ಷ ಎಲ್ಲಾರದೂ ಮೂರುವರಿ ಒಳಗ. ಒಬ್ಬ ಮನುಷ್ಯಾನ ಎದಿ ಕೆಡ್ತಾ ಬಂದಂಗ ಐತ್ರಿ ಇದು. ಇವತ್ತು ಇವರಿಗೆ ಎರಡೂವರಿ ಬಂತು."

ಮೇಡಂ ಓದಿದರು. ಬಹಳ ಹೊತ್ತು ಓದಿದರು.

"ಎಲ್ಲಾರೂ ಒಂದ ಧೂಳಿನಾಗ ಇರ್ತಾರ್ರಿ ಮೇಡಂ" ಅಂದ ವೀರೇಶ್. "ಒಂದ ಥರ ಇಳೀತೈತಿ."

"ಹಾಗಾದರೆ ಧೂಳಿದೆ ಅಂತ ಒಪ್ಪುತ್ತೀರಿ?"

"ಇದ್ರೂ ನಿಯಮದೊಳಗ ಐತ್ರಿ."

ವಿರೂಪಾಕ್ಷಪ್ಪ ಕೆಮ್ಮಿದರು. ಅವರದು ಒಣ ಕೆಮ್ಮು, ಮಾತು ಬದಲಿಸಲಿಕ್ಕೆ. "ಊಟಕ್ಕೆ ಹೊತ್ತಾತು ಮೇಡಂ."

ಮೇಡಂ ಫೈಲು ಮುಚ್ಚಲಿಲ್ಲ. ಹನ್ನೆರಡು ಜನರ ಕಡೆ ತಿರುಗಿ, "ಇನ್ನೊಂದು ಸಲ ಕೇಳುತ್ತೇನೆ. ಒಬ್ಬರು, ಒಬ್ಬರೇ ಒಬ್ಬರು ಹೌದು ಅಂದರೂ ಸಾಕು" ಅಂದರು. ಕಾದರು. ಹೊರಗೆ ಲಾರಿಯೊಂದು ಹಾರ್ನು ಹೊಡೆಯುತ್ತಿತ್ತು. ಹನ್ನೆರಡು ಜನರೂ ನೆಲ ನೋಡಿದರು.

ಆಮೇಲೆ ಅವರು ಬರೆದು, ನಿಯಮದಂತೆ ಓದಿ ಹೇಳಿದರು. ಸಾಕ್ಷಿಯ ಹೇಳಿಕೆಗೆ ಇತರರ ಬೆಂಬಲವಿಲ್ಲ. ಪರೀಕ್ಷೆಯಲ್ಲೂ ಹೇಳಿಕೆ ಸಾಬೀತಾಗಲಿಲ್ಲ. ಅರ್ಜಿದಾರನು ಹೋದ ವರ್ಷದವರೆಗೆ ಆರೋಗ್ಯವಂತನಾಗಿದ್ದನೆಂದು ದಾಖಲೆ ಇದೆ. ಈಗಿನ ಕಾಯಿಲೆಗೆ ಈ ಕೆಲಸವೇ ಕಾರಣವೆಂದು ಹೇಳಲು ಆಧಾರವಿಲ್ಲ. ಓದುವಾಗ ಅವರ ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. ಸಹಿ ಮಾಡಿ, ಪೆನ್ನು ಮುಚ್ಚಿ, ಒಳಗೆ ಊಟಕ್ಕೆ ಹೋದರು.

ವೀರೇಶ್ ಪಂಪಣ್ಣನ ಹತ್ತಿರ ಬಂದ. ದನಿ ತಗ್ಗಿಸಿದ. "ಪಂಪಣ್ಣ, ಎರಡೂವರಿ ಅಂದ್ರ ಅನ್‌ಫಿಟ್. ಮೇಡಂ ಮುಂದನ ಬಂದೈತಿ, ನಾ ಮುಚ್ಚಾಕ ಬರಂಗಿಲ್ಲ. ಇವತ್ತಿಂದ ನಿನ್ನ ಧೂಳಿನಾಗ ನಿಲ್ಲಿಸೋಹಂಗಿಲ್ಲ."

"ಬ್ಯಾರೆ ಕೆಲಸ ಕೊಡಬೇಕು ಅಂತ ಬೋರ್ಡಿನಾಗ ಐತಲ್ರಿ."

"ಐತಿ. ಇದ್ರ ಕೊಡ್ತೀವಿ. ಒಂದು ಸಹಿ ಮಾಡಿ ಹೋಗು, ನಾನಾ ಬಿಟ್ಟೀನಿ ಅಂತ."

ಅಷ್ಟರಲ್ಲಿ ಸೌಜನ್ಯ ಉಳಿದವರ ಹೆಸರು ಕೂಗತೊಡಗಿದ್ದಳು. ಪರೀಕ್ಷೆ ಅವರಿಗೂ ಇವತ್ತೇ. ಹನ್ನೆರಡು ಜನ ವ್ಯಾನಿನ ಮುಂದೆ ಸಾಲು ನಿಂತರು. ಮಿಷನ್ನು ನಿಲ್ಲಿಸಿದ್ದರಿಂದ ಎಲ್ಲರ ಮುಖವೂ ತೊಳೆದು ಸ್ವಚ್ಛವಾಗಿತ್ತು. ಯಾರು ಯಾರೆಂದು ಕುರುಡನೂ ಹೇಳಬಹುದಿತ್ತು. ಗುಡ್ಡಪ್ಪ ಸಾಲು ಬಿಟ್ಟು ಪಂಪಣ್ಣನ ತೋಳು ಹಿಡಿದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಎಂಥಾ ಕೆಲಸ ಮಾಡಿದ್ಯಲೇ. ಎದಿ ಕೆಟ್ಟೈತಿ ಅಂತ ಮೊದಲ ಹೇಳಬಾರದೇನು? ಬ್ಯಾರೆ ಯಾರನ್ನರ ನೋಡ್ತಿದ್ವಿ."

ಪಂಪಣ್ಣ ತೋಳು ಬಿಡಿಸಿಕೊಳ್ಳಲಿಲ್ಲ. ಗುಡ್ಡಪ್ಪನೇ ಬಿಟ್ಟ. ಅವನ ಹೆಸರು ಕೂಗಿದ್ದರು.

ಆಟೋದ ಹತ್ತಿರ ಭರಮಮ್ಮ ನಿಂತಿದ್ದಳು. ನಾಲ್ಕು ದಿನ ಓಣಿ ಹಾರಿ ಹೋಗುವಂತೆ ಕೂಗಿದವಳು ಈಗ ತಮ್ಮನ ಎದೆಯ ಮೇಲೆ ಅಂಗೈ ಇಟ್ಟಳು, ಎಳೆಗೂಸಿಗೆ ಜ್ವರ ನೋಡುವ ಹಾಗೆ.

"ಯಾವಾಗಿಂದಲೋ ನಿಂಗ?"

"ಗೊತ್ತಿಲ್ಲಕ್ಕಾ."

"ಕುಂದ್ರು ಬಾ. ಒತ್ತಿಕೊಂಡು ಕುಂತ್ರ ಆಗ್ತೈತಿ. ಮನಿಗೆ ಹೋಗೋಣು."

ಜಡೆಪ್ಪ ಕಂಬಿ ಬಿಟ್ಟು ಪಕ್ಕಕ್ಕೆ ಸರಿದ. ಸರಿಯಲಿಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಸರಿದು ಜಾಗ ಮಾಡಿದ ಮೇಲೆ ಸೀಟನ್ನು ಬೆರಳಿನಿಂದ ಬಡಿದ. ಇಲ್ಲಿ, ಎನ್ನುವಂತೆ.

ಪಂಪಣ್ಣ ಆ ಜಾಗ ನೋಡಿದ. ಒಬ್ಬನಿಗೆ ಸರಿಯಾಗುವಷ್ಟಿತ್ತು.

"ನೀವು ನಡೀರಿ" ಅಂದ.

ಆಟೋ ಹೋಯಿತು. ಹಿಂದಿನಿಂದ ವೀರೇಶ್, "ಪಂಪಣ್ಣ, ಸಹಿ! ಸಹಿ ಮಾಡಿ ಹೋಗು!" ಎಂದು ಕೂಗಿದ. ವ್ಯಾನಿನೊಳಗಿಂದ ಸೌಜನ್ಯ, "ಜೋರಾಗಿ, ಜೋರಾಗಿ" ಅನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಅದರ ಹಿಂದೆಯೇ ಗುಡ್ಡಪ್ಪನ ಕೆಮ್ಮು. ಪಂಪಣ್ಣ ತಿರುಗಲಿಲ್ಲ. ಬೇಗವೂ ನಡೆಯಲಿಲ್ಲ. ಬೇಗ ನಡೆಯಲು ಆಗುವುದಿಲ್ಲ ಎಂಬುದು ಅವನಿಗೆ ಈಗ ತಾನೇ ಗೊತ್ತಾಗಿತ್ತು.

ಗೇಟಿನಲ್ಲಿ ಕಾವಲುಗಾರ ಜಂಬಯ್ಯ ಪುಸ್ತಕ ತೆಗೆದ. ಕೆಲಸದ ಹೊತ್ತಿನಲ್ಲಿ ಹೊರಗೆ ಹೋಗುವವರ ವೇಳೆ ಬರೆದುಕೊಳ್ಳಬೇಕೆಂದು ಅವನಿಗೆ ಹುಕುಂ ಇತ್ತು.

"ಚಾಕ್ಕೇನು?" ಅಂದ.

"ಹೂಂ."

"ಜಲ್ದಿ ಬಾ. ಇವತ್ತು ಮೇಡಂ ಅದಾರ."

ಜಂಬಯ್ಯ ಹೆಸರು ಬರೆದು, ಗಡಿಯಾರ ನೋಡಿ, ಒಂದು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದುಕೊಂಡ. ಪಂಪಣ್ಣ ಗೇಟು ದಾಟಿ, ನಿಂತ ಲಾರಿಗಳ ಸಾಲಿನ ಪಕ್ಕದ ದಾರಿ ಹಿಡಿದು ಹೋದ. ಅವನು ಮತ್ತೆ ಬರಲಿಲ್ಲ.